ಮಸರಕಲ್ ಬಾವಿಯಿಂದ ಹವಳದ ದಿಬ್ಬಕ್ಕೆ

ಅತ್ತೆಯ ಗಲ್ಲ ಉಬ್ಬಿದ್ದನ್ನು ನೋಡಿದವಳು ಶೈಲಶ್ರೀ ಒಬ್ಬಳೇ. ರಾಯಚೂರಿನ ಈಜುಕೊಳದಲ್ಲಿ, ಹೆಂಗಸರ ಪಾಳಿಯ ಹೊತ್ತಿನಲ್ಲಿ, ನೀರು ಸೀಳಿಕೊಂಡು ಬುಳಕ್ಕನೆ ಮೇಲೆದ್ದ ಆ ಮುಖ, ಎಣ್ಣೆಯಲ್ಲಿ ಹಿಗ್ಗಿದ ಪೂರಿಯಂಥ ಆ ಎರಡು ಗಲ್ಲ, ಮಾನ್ವಿಗೆ ವಾಪಸು ಬಂದ ಮೇಲೂ ಅವಳ ಕಣ್ಣಿಂದ ಇಳಿಯಲೊಲ್ಲವು. ಹಾಲು ಕಾಸುವಾಗ ಅದೇ ನೆನಪು. ಮಗಳಿಗೆ ಜಡೆ ಹಾಕುವಾಗ ಅದೇ. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿತು, ಜಡೆ ಎರಡು ಸಲ ಬಿಚ್ಚಿ ಹಾಕಬೇಕಾಯಿತು.

ಹಾಗೆ ನೋಡಿದರೆ ಚಿಂತೆ ಶೈಲಶ್ರೀಗೆ ಹೊಸದಲ್ಲ. ಶಾಲೆಯ ಆಟೋ ತುಸು ತಡವಾದರೆ ಗೇಟಿಗೆ ಹೋಗಿ ನಿಲ್ಲುವವಳು ಅವಳು. ನಾಲ್ಕು ವರ್ಷದ ಮುಕ್ತಾ ಸೀನಿದರೆ ಮೂಗಿನಲ್ಲಿ ಹುಣಸೆಬೀಜ ಸಿಕ್ಕಿತೇನೋ ಎಂದು ಟಾರ್ಚ್ ಹಿಡಿದು ನೋಡುವವಳು. ರಾಯಚೂರಿನಲ್ಲಿ ಇಂಗ್ಲಿಷ್ ಶಾಲೆ ಕಲಿತು ಮಾನ್ವಿಯ ಅಕ್ಕಿ ಗಿರಣಿಯ ಮನೆಗೆ ಸೊಸೆಯಾಗಿ ಬಂದವಳನ್ನು ಕಂಡರೆ ಮಾವ ಜಂಬಣ್ಣನವರಿಗೆ ಪ್ರೀತಿ, ಆದರೆ ಬಾಯಿ ಸುಮ್ಮನಿರದು. "ನಮ್ಮ ಸೊಸಿಗೆ ಏನೂ ಚಿಂತಿ ಇಲ್ಲಂದ್ರ, ಯಾಕ ಇಲ್ಲ ಅಂತ ಚಿಂತಿ" ಎನ್ನುವರು.

ಈ ಸಲದ ಚಿಂತೆ ಮಾತ್ರ ಹುಣಸೆಬೀಜದ್ದಲ್ಲ. ಬರುವ ಸೋಮವಾರ ಅತ್ತೆ ನೀಲಗಂಗಮ್ಮ ಮಾಲ್ಡೀವ್ಸಿಗೆ ಹೊರಟಿದ್ದಾರೆ. ಅಲ್ಲಿ ಒಂದು ಹಡಗು ಹತ್ತಿ, ಒಂದು ವಾರ ಹಡಗಿನಲ್ಲೇ ಉಂಡು ಹಡಗಿನಲ್ಲೇ ಮಲಗಿ, ದಿನಾ ಸಮುದ್ರದ ತಳಕ್ಕೆ ಇಳಿದು ಹವಳ ನೋಡಿ ಬರುವವರಿದ್ದಾರೆ. ಅವರ ವಯಸ್ಸು ಐವತ್ತೆಂಟು.

ಇದಕ್ಕೆಲ್ಲ ಮೂಲ ಕಹಕಶಾನ್. ಹಿಂದಿನ ಓಣಿಯ ಭಾಂಡೆ-ಪಾತ್ರೆ ಅಂಗಡಿ ಖಾಜಾಮಿಯಾನ ಮಗಳು. ಸಣ್ಣವಳಿದ್ದಾಗ ಬೇಸಿಗೆ ರಜೆ ಬಂತೆಂದರೆ ನೀಲಗಂಗಮ್ಮನವರು ತಮ್ಮ ಮಕ್ಕಳ ಜೊತೆ ಅವಳನ್ನೂ ತವರೂರು ಮಸರಕಲ್ಲಿಗೆ ಕರೆದೊಯ್ದು, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ, ಹೊಲದ ಬಾವಿಗೆ ನೂಕಿ ಈಜು ಕಲಿಸಿದ್ದರು. ಆ ಹುಡುಗಿ ಬಾವಿಯಿಂದ ಈಜುಕೊಳಕ್ಕೆ, ಕೊಳದಿಂದ ಕಡಲಿಗೆ ಹೋಗಿ, ಈಗ ಹಡಗಿನ ಮೇಲೆ ಜನರನ್ನು ನೀರೊಳಗೆ ಕರೆದೊಯ್ದು ಮೀನು ತೋರಿಸುವ ಕೆಲಸದಲ್ಲಿದ್ದಾಳೆ. ಕಲಿಯುವವರಿಗೆಂದೇ ಇಟ್ಟ ಟ್ರಿಪ್ಪಿನಲ್ಲಿ ತನ್ನವರೊಬ್ಬರನ್ನು ಕರೆದೊಯ್ಯಲು ಅವಳಿಗೆ ಅವಕಾಶವಿತ್ತು. ತಾಯಿ ಉಮ್ಮೇ ಕುಲ್ಸುಮ್ ಎರಡೂ ಕೈ ಮುಗಿದುಬಿಟ್ಟರು. "ತೌಬಾ! ಬಕೀಟಿನ್ಯಾಗ ನೀರು ಅಲುಗಾಡಿದ್ರ ನನ್ನ ತಲಿ ತಿರಗತದ. ನೀಲವ್ವನ್ನ ಕರಕೊಂಡು ಹೋಗ. ನಿನಗ ಈಜು ಕಲಿಸಿದಾಕಿ ಆಕಿ."

ನೀಲಗಂಗಮ್ಮನವರಿಗೆ ಬೇಕಾಗಿದ್ದೂ ಅದೇ. ಅವರ ಕೊರಳಲ್ಲಿ ತಾಯಿ ಕೊಟ್ಟ ಹವಳದ ಸರವೊಂದಿದೆ, ಮದುವೆಯ ದಿನದಿಂದ ತೆಗೆದವರಲ್ಲ. ಹವಳವೆಂದರೆ ಕಲ್ಲು ಎಂದೇ ತಿಳಿದಿದ್ದರು. ಕಹಕಶಾನ್ ಒಮ್ಮೆ ಊರಿಗೆ ಬಂದಾಗ ಆ ಸರ ಮುಟ್ಟಿ, "ಯವ್ವಾ, ಇದು ಬ್ಯಾರೆ ಸಮುದ್ರದ್ದು, ಆದರೂ ನಾ ದಿನಾ ನೋಡೂ ಹವಳದ ಬಳಗನ. ಕಲ್ಲಲ್ಲ, ಸಣ್ಣ ಸಣ್ಣ ಜೀವಗಳು ಕಟ್ಟಿದ ಮನಿ. ಕತ್ತಲಾದ್ರ ಬಾಯಿ ತಗದು ತಿಂತಾವ" ಎಂದಿದ್ದಳು. ಅತ್ತೆ ಸರವನ್ನು ಮುಷ್ಟಿಯಲ್ಲಿ ಹಿಡಿದರು. "ಇಷ್ಟು ವರ್ಷ ಯಾರದೋ ಮನಿ ಕೊಳ್ಳಾಗ ಹಾಕ್ಕೊಂಡು ಅಡ್ಡಾಡೀನಲ್ಲಬೇ. ಒಮ್ಮೆರ ಹೋಗಿ ಅವರ ಊರು ನೋಡಿ ಬರಬ್ಯಾಡೇನು?"

ನೀರೆಂದರೆ ನೀಲಗಂಗಮ್ಮನವರಿಗೆ ಹುಟ್ಟಿನಿಂದ ಬಂದ ಸಲುಗೆ. ಮಸರಕಲ್ಲಿನಲ್ಲಿ ಯಾರದಾದರೂ ಕೊಡ ಬಾವಿಗೆ ಬಿದ್ದರೆ ಕೊಕ್ಕೆಗಳ ಪಾತಾಳಗರಡಿಯನ್ನು ಇಳಿಬಿಡುವುದು ಪದ್ಧತಿ. ಹುಡುಗಿ ನೀಲಗಂಗಿ ದೊಡ್ಡವಳಾದ ಮೇಲೆ ಆ ಗರಡಿಗೆ ಜೇಡ ಬಲೆ ಕಟ್ಟಿತು. "ಗರಡಿ ಯಾಕ, ನೀಲಗಂಗಿನ್ನ ಕರೀರಿ" ಎನ್ನುವರು. ಈಕೆ ಸೀರೆಗೆ ಕಚ್ಚೆ ಹಾಕಿ, ಗಲ್ಲ ತುಂಬ ಗಾಳಿ ತುಂಬಿಕೊಂಡು ಗುಡುಮ್ಮೆಂದು ಹಾರಿದರೆ ಕೊಡದ ಜೊತೆಗೇ ಮೇಲೆ ಬರುವಳು. ಮದುವೆಯೂ ಹಾಗೆಯೇ ಕೂಡಿ ಬಂತು. ಜಂಬಣ್ಣನವರು ಅದನ್ನು ಇಂದಿಗೂ ಬಂದವರಿಗೆಲ್ಲ ಹೇಳುತ್ತಾರೆ. "ನಾವು ಕನ್ಯಾ ನೋಡಾಕ ಹೋದ್ರ ಮನ್ಯಾಗ ಕನ್ಯಾನ ಇಲ್ಲ! ಕೈಕಾಲು ತೊಳಿಯಾಕ ಬಾವಿಗೆ ಹೋದ್ವಿ. ಕನ್ಯಾ ಬಾವ್ಯಾಗಿಂದ ಎದ್ದು ಬಂತು. ತಲಿ ಮ್ಯಾಲ ಕೊಡ, ಗಲ್ಲ ನೋಡಿದ್ರ ಬದಾಮಿ ಹನುಮಪ್ಪ!"

"ಆವಾಗ ಓಡಿ ಹೋಗಬೇಕಿತ್ತಿಲ್ಲೋ" ಎನ್ನುವರು ಅತ್ತೆ.

"ಹ್ಯಾಂಗ ಓಡ್ಲಿ, ನನ್ನ ಚಪ್ಲಿ ನೀ ಎಬ್ಬಿಸಿದ ನೀರಿಗೆ ತೇಲಿಹೋಗಿದ್ವು."

ಇಂಥವರಿಗೆ ಕಡಲೇನು ಮಹಾ ಎಂದು ಎಲ್ಲರೂ ಅಂದುಕೊಂಡರು. ಶೈಲಶ್ರೀ ಹಠ ಹಿಡಿದು ರಾಯಚೂರಿನ ಡಾಕ್ಟರ ಹತ್ತಿರ ಕರೆದೊಯ್ದಳು. ಕಿವಿ, ಎದೆ, ಬಿಪಿ ಎಲ್ಲ ನೋಡಿದ ಡಾಕ್ಟರು, "ಇವರದು ಚಂದ ಅದ. ನಿಮ್ಮ ಮುಖ ನೋಡಿದ್ರ ನಿಮ್ಮ ಬಿಪಿ ನೋಡಬೇಕನಸ್ತದ" ಎಂದರು.

ಬಕ್ರೀದಿಗೆ ಬಂದ ಕಹಕಶಾನ್ ಹೈದರಾಬಾದಿನ ಗೆಳೆಯರಿಂದ ಗಾಳಿಯ ಸಿಲಿಂಡರು, ಕರಿ ರಬ್ಬರಿನ ಅಂಗಿ ಎಲ್ಲ ತರಿಸಿ ರಾಯಚೂರಿನ ಕೊಳದಲ್ಲಿ ಪಾಠ ಶುರು ಮಾಡಿದಳು. ಆ ಅಂಗಿಯೊಳಗೆ ಅತ್ತೆಯನ್ನು ತುರುಕುವುದೇ ಒಂದು ಹಬ್ಬ. "ಬದನಿಕಾಯಿ ಆಗೀನಲ್ಲಬೇ ಶೈಲಾ! ಇನ್ನ ಎಣಗಾಯಿ ಮಾಡೂದೊಂದ ಬಾಕಿ" ಎಂದು ಅತ್ತೆ ಕೊಳದ ದಂಡೆಯ ಮೇಲೆ ನಕ್ಕ ನಗೆಗೆ ಈಜುತ್ತಿದ್ದ ಹೆಂಗಸರೆಲ್ಲ ನಿಂತು ನೋಡಿದರು.

ನೀರಿಗಿಳಿದ ಮೇಲೆ ಕಹಕಶಾನ್ ಬೇರೆಯೇ ಹೆಣ್ಣು. ನಗೆ ಇಲ್ಲ, ಸಲುಗೆ ಇಲ್ಲ.

"ಯವ್ವಾ, ಬಾವಿ ಮರಿಬೇಕು. ಅಲ್ಲಿ ಉಸರು ಹಿಡಿದಾಕಿನ ಶಾಣ್ಯಾ. ಇಲ್ಲಿ ಸಿಲಿಂಡರಿನ ಗಾಳಿ ತಗೊಂಡು ಉಸರು ಹಿಡಿದ್ರ ಹೋದಿ. ಕೆಳಗ ಒತ್ತಿದ ಗಾಳಿ, ಮ್ಯಾಲ ಬಂದಂಗೆಲ್ಲ ಪೂರಿ ಹಂಗ ಹಿಗ್ಗತದ. ಒಳಗ ಹಿಡಿದಿಟ್ಟಿ ಅಂದ್ರ ಪುಪ್ಪುಸ ಒಡಿತದ. ತಗೋ, ಬಿಡು. ತಗೋ, ಬಿಡು. ಅಷ್ಟ. ಉಸರು ಹಿಡಿದದ್ದು ಒಮ್ಮೆ ಕಂಡ್ರೂ ನಾ ಇಳಸಂಗಿಲ್ಲ ನೋಡು. ಹಡಗಿನ ಮ್ಯಾಲ ಕುಂತು ಉಪ್ಪಿಟ್ಟು ತಿಂದು ಬರಬೇಕಾಗ್ತದ."

ಅತ್ತೆ ಕಲಿತರು. ಮೂರು ದಿನ ಗುಳ್ಳೆಗಳು ಸಾಲುಸಾಲಾಗಿ ಮೇಲೆ ಬಂದವು. ಕಹಕಶಾನ್ ಖುಷಿಯಾದಳು. ಕೊನೆಯ ದಿನ ಅವಳು ಆಚೆ ಕಡೆ ಸಾಮಾನು ಬಿಗಿಯುತ್ತ ಬೆನ್ನು ಮಾಡಿ ಕುಳಿತಿದ್ದಾಗ ಅತ್ತೆ ಇನ್ನೊಮ್ಮೆ ಅಂತ ಆಳದಲ್ಲಿ ಮುಳುಗಿದರು. ದಂಡೆಯಲ್ಲಿದ್ದ ಮುಕ್ತಾಳ ಕೈಬಳೆ ಜಾರಿ ನೀರಿಗೆ ಬಿತ್ತು. ಅಷ್ಟೇ. ನೀರಿಗೆ ಬಿದ್ದದ್ದನ್ನು ಕಂಡದ್ದೇ ಕಂಡದ್ದು, ಅತ್ತೆಯೊಳಗಿನ ಮಸರಕಲ್ಲಿನ ಹುಡುಗಿ ಎದ್ದಳು. ಗುಳ್ಳೆ ನಿಂತವು. ಬಗ್ಗಿ ನೋಡುತ್ತಿದ್ದ ಶೈಲಶ್ರೀ ಮುಕ್ತಾಳನ್ನು ಹಿಂದಕ್ಕೆ ಎಳೆದುಕೊಂಡಳು. ಅತ್ತೆ ಬಳೆಯನ್ನು ಬಾಚಿಕೊಂಡು ತಳಕ್ಕೆ ಕಾಲೊತ್ತಿ ಬಾಣದ ಹಾಗೆ ಮೇಲೆ ಬಂದರು. ಬಾಯಿಯ ಕೊಳವೆ ಉಗಿದರು. ಗಲ್ಲ ಪೂರಿ.

ಏನೂ ಆಗಲಿಲ್ಲ. ಬಳೆ ಎತ್ತಿ ತೋರಿಸಿ ನಕ್ಕರು. ಆಮೇಲೆ ಸೊಸೆಯ ಬಿಳಿಚಿದ ಮುಖ ಕಂಡು ದನಿ ತಗ್ಗಿಸಿದರು. "ಶೈಲಾ, ಕಹಕಶಾನ್‌ಗ ಹೇಳಬ್ಯಾಡ ಯವ್ವಾ. ನನ್ನಾಣಿ. ಬಿಟ್ಟು ಹೋಗ್ತಾಳ ಆಕಿ."

ಶೈಲಶ್ರೀ ತಲೆಯಾಡಿಸಿದಳು. ಆ ಸಂಜೆಯೇ ಕಹಕಶಾನ್ ರೈಲು ಹತ್ತಿದಳು.

ಅಂದಿನಿಂದ ಶುರುವಾದ ಸಂಕಟ ಇದು. ಹೇಳಿದರೆ ಅತ್ತೆಯ ಆಸೆ ಮುರಿಯಿತು. ಹೇಳದಿದ್ದರೆ? ಅಲ್ಲಿ ಯಾರದಾದರೂ ಕನ್ನಡಕ ಬಿದ್ದರೆ? ಯಾರದಾದರೂ ಕ್ಯಾಮೆರಾ ಜಾರಿದರೆ? ಇಡೀ ಹಡಗಿನ ತುಂಬ ಸಾಮಾನು ಬೀಳಿಸುವ ಜನರೇ ಕುಳಿತಂತೆ ಅವಳಿಗೆ ಕಾಣತೊಡಗಿತು. ಮೊಬೈಲು ಎತ್ತುವಳು, ಕಹಕಶಾನಳ ಹೆಸರಿನ ಮೇಲೆ ಬೆರಳಿಡುವಳು, ಮತ್ತೆ ಕೆಳಗಿಡುವಳು. ಗಂಡ ಅಂಬರೀಶನಿಗೆ ಹೇಳೋಣವೆಂದರೆ ಅವನು ಗಿರಣಿಯಲ್ಲಿ, ಊಟಕ್ಕೆ ಬಂದರೂ ಕಿವಿಯಲ್ಲಿ ಗಿರಣಿಯದೇ ಸದ್ದು.

ಮನೆಯಲ್ಲಿ ನೋಡಿದರೆ ಸಡಗರವೋ ಸಡಗರ. ಹಡಗು ಯಾವುದಾದರೂ ದ್ವೀಪದ ಹತ್ತಿರ ಬಂದು ಸಿಗ್ನಲ್ ಸಿಕ್ಕ ಕೂಡಲೇ ಕಹಕಶಾನಳ ವಿಡಿಯೊ ಕಾಲ್. ಆ ಬುಧವಾರ ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದರು, ಮುಕ್ತಾ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿ ನಿಲ್ಲಿಸಿದಳು.

"ಯವ್ವಾ, ಇವತ್ತು ನಿನ್ನ ಮೊರ ಬಂದಿತ್ತು!"

ಪರದೆಯ ತುಂಬ ನೀಲಿ. ಆ ನೀಲಿಯೊಳಗಿಂದ, ಅತ್ತೆ ಮೊರವೆಂದು ಹೆಸರಿಟ್ಟಿದ್ದ, ಮನೆಯ ಬಾಗಿಲಷ್ಟು ಅಗಲದ ಮೀನೊಂದು ರೆಕ್ಕೆ ಬೀಸುತ್ತ, ಕಾಳು ಕೇರುವ ಮೊರ ತಾನಾಗಿಯೇ ಹಾರಿ ಬಂದಂತೆ ಬಂತು. ಅದರ ಹೊಟ್ಟೆ ಬೆಳ್ಳಗೆ, ಬೆನ್ನು ಕರ‍್ರಗೆ. ಅತ್ತೆ ಹಂಚಿನ ಮೇಲಿನ ರೊಟ್ಟಿ ಮರೆತರು. ಕಹಕಶಾನಳದು ಉಸಿರು ಬಿಡದಂಥ ಮಾತು. ಇಗೋ ಇದು ಗಿಳಿಮೀನು, ಹವಳದ ಕಲ್ಲನ್ನು ಕಟಕಟ ಕಡಿದು ಉಸುಕು ಮಾಡಿ ಬಿಡುತ್ತದೆ. "ಹಂಗಾರ ಅದು ನಮ್ಮ ಧಂದೇದು. ಗಿರಣಿ ಇಟ್ಟದ" ಎಂದರು ಬಾಗಿಲಲ್ಲಿ ನಿಂತ ಜಂಬಣ್ಣನವರು. ಇಗೋ ಇಲ್ಲಿ ದೊಡ್ಡ ದೊಡ್ಡ ಮೀನು ಬಾಯಿ ತೆರೆದು ಪಾಳಿ ಹಚ್ಚಿ ನಿಂತಿವೆ, ಬೆರಳುದ್ದದ ನೀಲಿಪಟ್ಟಿ ಮೀನು ಒಂದೊಂದರ ಬಾಯೊಳಗೂ ಹೊಕ್ಕು ಹಲ್ಲು ತಿಕ್ಕಿ ಬರುತ್ತದೆ. "ನುಂಗಂಗಿಲ್ಲ ಅದನ್ನ?" "ನುಂಗಂಗಿಲ್ಲ ಯವ್ವಾ, ದವಾಖಾನಿ ಅಲ್ಲೇನು!" ಆಮೇಲೆ ಬಂಡೆಯೊಂದು ಕಣ್ಣು ಬಿಟ್ಟಿತು. ಬಂಡೆಯಲ್ಲ, ಎಂಟು ಕಾಲಿನ ಆಕ್ಟೋಪಸ್. ನೋಡನೋಡುತ್ತ ಕಂದು ಹೋಗಿ ಬಿಳಿ, ಬಿಳಿ ಹೋಗಿ ಹವಳದ ಕೆಂಪು.

"ಮಮ್ಮಿ, ಬಣ್ಣ ಬದಲಿ ಮಾಡ್ತು! ಮತ್ತ ಮಾಡ್ತು!" ಮುಕ್ತಾ ಕುಣಿದಳು.

ಶೈಲಶ್ರೀಗೆ ತಾನೂ ಹಿಟ್ಟಿನ ಕೈಯಲ್ಲೇ ಮುಂದೆ ಬಗ್ಗಿ ಬಾಯಿ ತೆರೆದು ನಿಂತದ್ದು ಆಮೇಲೆ ಗೊತ್ತಾಯಿತು. ಎಂಥ ಲೋಕ! ಇದನ್ನು ಅತ್ತೆ ತಮ್ಮ ಕಣ್ಣಿಂದ ನೋಡುತ್ತಾರಲ್ಲ ಎಂದು ಮೈ ಜುಮ್ಮೆಂದಿತು. ಮರುಕ್ಷಣವೇ ಪೂರಿಯ ನೆನಪು. ರೊಟ್ಟಿ ಸೀದ ವಾಸನೆ.

"ಶೈಲಾ ಭಾಬಿ, ಯಾಕ ಸುಮ್ಮನ ನಿಂತೀರಿ? ಯವ್ವ ಪ್ರಾಕ್ಟೀಸ್ ಮಾಡಾಕತ್ತಾಳಿಲ್ಲೋ? ಉಸರು?"

ಅತ್ತೆ ಸೊಸೆಯತ್ತ ನೋಡಿದರು. ಅಷ್ಟರಲ್ಲಿ ಸಿಗ್ನಲ್ ಕಡಿಯಿತು.

ಶನಿವಾರ ಅತ್ತೆ ತವರಿಗೆ ಹೇಳಿ ಬರುತ್ತೇನೆಂದು ಸೊಸೆ ಮೊಮ್ಮಗಳನ್ನು ಕರೆದುಕೊಂಡು ಹೊರಟರು. ಮಾನ್ವಿಯಿಂದ ಮಸರಕಲ್ಲಿಗೆ ಕಾರಿನಲ್ಲಿ ಹೋಗುವಾಗ ಮಡಿಲಲ್ಲಿ ಕಹಕಶಾನ್ ಬಿಟ್ಟುಹೋದ, ನೀರೊಳಗೆ ನೋಡುವ ಗಾಜಿನ ಮುಖವಾಡ, ಮೇಲಿನಿಂದಲೇ ಉಸಿರಾಡುವ ಡೊಂಕು ಕೊಳವೆ. ಮುಖ ನೀರಲ್ಲಿಟ್ಟು ತೇಲುತ್ತ ಕೊಳವೆಯಿಂದ ಉಸಿರಾಡುವ ಅಭ್ಯಾಸ ಮಾಡಬೇಕೆಂದು ಅವಳು ಹೇಳಿದ್ದಳು. ತಮ್ಮ ಹನುಮಂತ್ರಾಯನ ಹೊಲದ ಬಾವಿ ಈಗಲೂ ತುಂಬಿದೆ. ಕರಿಕಲ್ಲಿನ ಮೆಟ್ಟಿಲು ನೀರಿನವರೆಗೂ ಇಳಿಯುತ್ತವೆ. ಶೈಲಶ್ರೀ ಮುಕ್ತಾಳ ನಡುವಿಗೆ ವೇಲು ಬಿಗಿದು ಇನ್ನೊಂದು ತುದಿಯನ್ನು ತನ್ನ ನಡುವಿಗೆ ಕಟ್ಟಿಕೊಂಡಳು.

"ಮಮ್ಮಿ, ನಾ ಏನು ಆಕಳಕರಾ?"

"ಹೌದು. ಸುಮ್ಮನ ಕುಂದ್ರು."

ಅತ್ತೆ ಕಚ್ಚೆ ಹಾಕಿ ನೀರಿಗಿಳಿದು, ಮುಖ ಕೆಳಗೆ ಮಾಡಿ ತೇಲಿದರು. ಕೊಳವೆಯ ತುದಿಯಿಂದ ಉಸಿರು ಸುಯ್ ಸುಯ್ ಎಂದು ಕೇಳುತ್ತಿತ್ತು. ಶೈಲಶ್ರೀ ತುಟಿ ಕಚ್ಚಿ, ತನ್ನ ಕೈಯ ಬಳೆಯೊಂದನ್ನು ಬಿಚ್ಚಿ ಅತ್ತೆಯ ಕಣ್ಣ ಮುಂದೆಯೇ ನೀರಿಗೆ ಬಿಟ್ಟಳು. ಸುಯ್ ನಿಂತಿತು. ಅತ್ತೆ ಕೊಳವೆಯನ್ನು ಉಗಿದು, ಪಲ್ಟಿ ಹೊಡೆದು, ಬಳೆ ತಂದು ಮೆಟ್ಟಿಲ ಮೇಲಿಟ್ಟರು. ಗಲ್ಲ ಉಬ್ಬಿತ್ತು. ಆಮೇಲೆ ಸೊಸೆಯ ಮುಖ ನೋಡಿ ಅರ್ಥವಾಯಿತು.

"ಬೇಕಂತನ ಹಾಕಿದೇನು?"

"ಹೌದ್ರಿ ಅತ್ತಿ."

ಅತ್ತೆ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಬದುಕಿನಲ್ಲಿ ಮೊದಲ ಸಲ ನೀರು ಅವರನ್ನು ಹೆದರಿಸಿದಂತಿತ್ತು. "ನಾ ಮಾಡೂದಲ್ಲಬೇ ಇದು. ನನ್ನ ಮೈ ಮಾಡತದ. ಬಿದ್ದದ್ದು ಕಂಡ್ರ ತಾನ ಹಿಡಿತದ ಉಸರು. ಮೈಗೆ ಹ್ಯಾಂಗ ಹೇಳ್ಲಿ?"

ಕುಳಿತು ಕುಳಿತು ಮುಕ್ತಾಳಿಗೆ ಬೇಸರ ಬಂತು. "ಅಜ್ಜಿ, ಆಕ್ಟೋಪಸ್ ಕತಿ ಹೇಳ್ತೀನಿ, ಹೂಂ ಅನ್ನು" ಎಂದಳು.

ಆ ಮನೆಯಲ್ಲಿ ಅದೊಂದು ಕಟ್ಟಳೆ. ಕಥೆ ಕೇಳುವವರು ಹೂಂಗುಡಬೇಕು. ಹೂಂ ತಪ್ಪಿದರೆ ಕಥೆ ಮತ್ತೆ ಮೊದಲಿನಿಂದ. ಮೊಮ್ಮಗಳಿಗೆ ಅದನ್ನು ಕಲಿಸಿದವರು ಅತ್ತೆಯೇ, ಈಗ ಮೊಮ್ಮಗಳು ಅವರಿಗೇ ತಿರುಗಿಸುತ್ತಾಳೆ.

"ಒಂದೂರಾಗ ಒಂದು ಆಕ್ಟೋಪಸ್ ಇತ್ತಂತ."

"ಹೂಂ."

"ಅದಕ್ಕ ಎಂಟು ಕಾಲಿದ್ವಂತ."

"ಹೂಂ."

ಶೈಲಶ್ರೀ ತಟ್ಟನೆ ಎದ್ದು ನಿಂತಳು. ವೇಲಿನ ಆ ತುದಿಯಲ್ಲಿದ್ದ ಮುಕ್ತಾ ಅರ್ಧಕ್ಕೇ ಎದ್ದಳು. "ಅತ್ತಿ, ಹೂಂ ಅಂದು ಉಸರು ಹಿಡೀರಿ ನೋಡೂಣು."

"ಆಂ?"

"ಹೂಂ ಅನಕೋಂತನ ಉಸರು ಹಿಡೀರಿ!"

ಅತ್ತೆ ಪ್ರಯತ್ನಿಸಿದರು. ಹೂಂ ಎಂದರೆ ಉಸಿರು ಹೊರಗೆ, ಉಸಿರು ಹಿಡಿದರೆ ಹೂಂ ಇಲ್ಲ. ಇನ್ನೊಮ್ಮೆ. ಅದೇ. ಸೊಸೆ ಅತ್ತೆ ಒಬ್ಬರ ಮುಖ ಒಬ್ಬರು ನೋಡಿದರು.

"ನೀರಿಗಿಳೀರಿ. ಮುಕ್ತಾ, ನೀ ಕತಿ ಹೇಳು. ಜೋರಾಗಿ. ನಿಮ್ಮಜ್ಜಿ ಹೂಂ ಬಿಟ್ರ ಮೊದಲಿಂದ."

ಅತ್ತೆ ಮತ್ತೆ ಮುಖ ಕೆಳಗೆ ಹಾಕಿ ತೇಲಿದರು. ಮುಕ್ತಾಳ ಕೂಗು ಬಾವಿಯ ಗೋಡೆಗೆ ಬಡಿದು ದುಪ್ಪಟ್ಟಾಯಿತು. ಆಕ್ಟೋಪಸ್ಸಿಗೆ ಏಡಿಯೊಂದು ಗೆಳೆಯನಾಗಿತ್ತು, ಇಬ್ಬರೂ ರಾಯಚೂರಿಗೆ ಬಳೆ ತರಲು ಹೋದರು, ಆಕ್ಟೋಪಸ್ಸಿನ ಎಂಟೂ ಕಾಲಿಗೆ ಬಳೆ. ಪ್ರತಿ ಮಾತಿಗೂ ಕೊಳವೆಯಿಂದ "ಹೂಂಊಂ" ಎಂದು ಶಂಖ ಊದಿದಂತೆ ದನಿ. ಶೈಲಶ್ರೀ ಬಳೆ ಬಿಟ್ಟಳು. ಹೂಂ ಕಡಿಯಿತು. ಅತ್ತೆಯ ಬೆನ್ನು ಮುಳುಗಲು ಬಾಗಿತು.

"ಅಜ್ಜಿ ಹೂಂ ಅನ್ನಲಿಲ್ಲ! ಒಂದೂರಾಗ ಒಂದು ಆಕ್ಟೋಪಸ್ ಇತ್ತಂತ!"

ನೀರೊಳಗಿಂದ ಒಂದು ನಿಟ್ಟುಸಿರಿನಂಥ ಹೂಂ. ಮತ್ತೆ ಮೊದಲಿನಿಂದ. ಹೀಗೆ ಅದೆಷ್ಟು ಸಲವೋ. ಶೈಲಶ್ರೀಯ ಬಳೆ ಮುಗಿದವು, ಹನುಮಂತ್ರಾಯನ ಹೆಂಡತಿ ನಗುತ್ತ ಒಂದು ಚೆಂಬು ತಂದುಕೊಟ್ಟಳು. ಕೊನೆಗೊಮ್ಮೆ ಆ ಚೆಂಬನ್ನೇ ಬಿಟ್ಟಾಗ, ಫಳಫಳ ಹೊಳೆಯುತ್ತ ಅದು ಅತ್ತೆಯ ಮೂಗಿನ ಕೆಳಗೇ ತಳಕ್ಕಿಳಿಯಿತು. ಅತ್ತೆಯ ಕೈ ಮುಂದೆ ಚಾಚಿತು, ಹಾಗೇ ನಿಂತಿತು. ಹೂಂ ಮಾತ್ರ ನಿಲ್ಲಲಿಲ್ಲ. ಆಕ್ಟೋಪಸ್ ಎಂಟನೇ ಕಾಲಿಗೂ ಬಳೆ ಇಟ್ಟುಕೊಂಡು ಊರಿಗೆ ಬಂದು ಮಲಗುವವರೆಗೂ ಬಾವಿಯ ಮೇಲೆ ಆ ಶಂಖದ ದನಿ ಎದ್ದು ಎದ್ದು ಬರುತ್ತಿತ್ತು.

ಅತ್ತೆ ತಲೆಯೆತ್ತಿ ಕೊಳವೆ ತೆಗೆದರು. ಗಲ್ಲ ಗಲ್ಲದಷ್ಟೇ ಇತ್ತು. "ಬಿಟ್ಟೆಲ್ಲೋ ಚೆಂಬು! ನೋಡಿದ್ರೇನು, ಬಿಟ್ಟೆ!" ಎಂದು ನೀರನ್ನು ಎರಡೂ ಕೈಯಿಂದ ಬಡಿದು ಕೂಗಿದ ಕೂಗಿಗೆ ಹೊಲದ ಬೆಳ್ಳಕ್ಕಿ ಎದ್ದು ಹಾರಿದವು. ಶೈಲಶ್ರೀ ನಕ್ಕಳು, ಅತ್ತಳು, ಎರಡೂ ಒಟ್ಟಿಗೆ ಬಂದವು.

ತಲೆ ಒರೆಸಿಕೊಳ್ಳುತ್ತ ಅತ್ತೆ, "ಇನ್ನ ಕಹಕಶಾನ್‌ಗ ಹೇಳೂದೇನೂ ಉಳಿಲಿಲ್ಲ ಬಿಡು" ಎಂದರು.

"ಹೇಳ್ತೀನ್ರಿ ಅತ್ತಿ."

ಟವೆಲು ನಿಂತಿತು. "ನನ್ನಾಣಿ ಹಾಕಿದ್ದೆ."

"ಬಾವ್ಯಾಗ ಬಂದದ್ದು ಸಮುದ್ರದಾಗ ಬರ್ತದೋ ಇಲ್ಲೋ, ಅದು ಆಕಿಗೆ ಗೊತ್ತು, ನಮಗಲ್ಲ. ಆಕಿ ಕಣ್ಣಿಗೆ ಅರಿವಿ ಕಟ್ಟಿ ನಿಮ್ಮನ್ನ ಕೊಟ್ಟು ಕಳಸಂಗಿಲ್ಲ ನಾ." ಶೈಲಶ್ರೀ ಮುಕ್ತಾಳ ನಡುವಿನ ಗಂಟು ಇನ್ನೊಮ್ಮೆ ಬಿಗಿದಳು. "ಆಕಿ ಬ್ಯಾಡಂದ್ರ ನೀವು ನನ್ನ ಮ್ಯಾಲ ಸಿಟ್ಟಾಗ್ರಿ. ವರ್ಷಗಟ್ಲೆ ಆಗ್ರಿ. ನೀವು ತಿರುಗಿ ಬರದಿದ್ರ ನಾ ಯಾರ ಮ್ಯಾಲ ಸಿಟ್ಟಾಗ್ಲಿ?"

ಅತ್ತೆ ಹವಳದ ಸರದ ನೀರನ್ನು ಸೆರಗಿನಿಂದ ಒತ್ತಿದರು. ಆಮೇಲೆ, "ಹಚ್ಚು ಫೋನು" ಎಂದರು. "ಇಲ್ಲಿ ಸಿಗಂಗಿಲ್ಲ, ಬಾವಿ ದಿಬ್ಬ ಹತ್ತು."

ದಿಬ್ಬದ ಮೇಲೆ ಗಾಳಿ. ಬಹಳ ಸಲ ರಿಂಗಾಯಿತು. ಕೊನೆಗೆ ಕಹಕಶಾನಳ ದನಿ, ಹಿಂದೆ ಹಡಗಿನ ಎಂಜಿನ್ನಿನ ಗುರುಗುಟ್ಟು. ಶೈಲಶ್ರೀ ಕಣ್ಣು ಮುಚ್ಚಿ ಶುರು ಮಾಡಿದಳು. ಕೊಳದಲ್ಲಿ ಬಿದ್ದ ಬಳೆ, ನಿಂತ ಗುಳ್ಳೆ, ಉಬ್ಬಿದ ಗಲ್ಲ, ಆಣೆ.

"ಕಹಕಶಾನ್, ಕೇಳಾಕತ್ತಿಯೇನು?"

"ಹೂಂ. ಮುಂದ ಹೇಳ್ರಿ ಭಾಬಿ."

ಮಸರಕಲ್ ಬಾವಿ, ಆಕ್ಟೋಪಸ್ಸಿನ ಕಥೆ, ಚೆಂಬು. ಒಂದನ್ನೂ ಬಿಡಲಿಲ್ಲ.

"ಸೋಮವಾರ ಹತ್ತಿಸಿ ಕಳಸ್ರಿ" ಎಂದಳು ಕಹಕಶಾನ್. "ಮೊದಲ ಎರಡು ದಿನ ಎದಿಮಟ ನೀರಾಗ ನಾ ಕೈ ಬಿಡಂಗಿಲ್ಲ. ನಾನ ಒಂದೊಂದು ಸಾಮಾನು ಬೀಳಿಸಿ ನೋಡ್ತೀನಿ. ಹೂಂ ನಿಂತ್ರ ಹವಳದ ದಿಬ್ಬಕ್ಕ ಇಳಸಂಗಿಲ್ಲ, ಅದು ಬದಲಾಗಂಗಿಲ್ಲ. ನಿಲ್ಲಲಿಲ್ಲಂದ್ರ, ಭಾಬಿ, ಯವ್ವನ್ನ ಆ ಮೊರದ ಮುಂದ ಒಯ್ದು ನಿಲ್ಲಸ್ತೀನಿ. ನೀವು ಹೇಳಿದ್ದು ಭಾಳ ಚಲೋ ಆತು. ಬಳಿ ಬಿದ್ರ ಹೋಗೂ ಉಸರು ಅಂತ ನನಗ ಹೊಳದೇ ಇರಲಿಲ್ಲ."

"ಕೇಳಿದ್ರೇನು!" ಎಂದು ಕೆಳಗಿನಿಂದ ಅತ್ತೆ ಕೂಗಿದರು. ಸ್ಪೀಕರ್ ಅವರಿಗೂ ಕೇಳಿಸಿತ್ತು. "ಸೂಟ್‌ಕೇಸಿನ್ಯಾಗ ಆ ಚೆಂಬು ಇಡು ಶೈಲಾ, ಆಕಿ ಬೀಳಿಸಾಕ ಬೇಕಾಗ್ತದ!"

ಮುಕ್ತಾ ವೇಲು ಜಗ್ಗಿ ಅಮ್ಮನನ್ನು ಬಾಗಿಸಿ ಫೋನು ಕಸಿದುಕೊಂಡಳು. "ಆಂಟಿ, ನಾ ಕತಿ ಹೇಳ್ತೀನಿ. ಒಂದೂರಾಗ ಒಂದು ಆಕ್ಟೋಪಸ್ ಇತ್ತಂತ."

ಆ ಕಡೆ ಕಹಕಶಾನ್ ಬಿದ್ದು ಬಿದ್ದು ನಗುತ್ತಿದ್ದಳು.

"ಆಂಟಿ ಹೂಂ ಅನ್ನಲಿಲ್ಲ" ಎಂದಳು ಮುಕ್ತಾ. "ಮೊದಲಿಂದ ಹೇಳ್ತೀನಿ."